ಶಾಲಿನ ಕೆಳಗಿನ ಕೈ

ನಮ್ಮ ಬೆಳಗಾವಿ ಕಡೆ ಬೇನೆ ಬಿದ್ದವರನ್ನು ನೋಡಲು ಬಂದವರು "ಹೆಂಗ ಅದಾರ್ರಿ?" ಎಂದು ಕೇಳಿದರೆ ಉತ್ತರ ಒಂದೇ: "ಆರಾಮ ಅದಾರ್ರಿ." ಮೂಗಿಗೆ ನಳಿಗೆ ಹಾಕಿರಲಿ, ಡಾಕ್ಟರು ಕೈ ಚೆಲ್ಲಿರಲಿ, ಆರಾಮ ಅದಾರ್ರಿ. ಬಂದವರಿಗೆ ಚಹಾ ಕೊಟ್ಟಷ್ಟೇ ಸಲೀಸಾಗಿ ಆ ಮಾತು ಬಾಯಿಂದ ಬಂದುಬಿಡುತ್ತದೆ. ಈ ಒಂದು ಮಾತಿನಿಂದ ಒಬ್ಬ ಹೆಂಗಸಿನ ದರ್ಜೆ ಇಳಿಯುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ.

ನನ್ನ ಮಾವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಆಯುಷ್ಯವಿಡೀ ಬೆಲ್ಲದ ದಲಾಲಿ ನಡೆಸುವ ಅಡತ್ ಅಂಗಡಿಯ ಗಾದಿಯ ಮೇಲೆ ಕುಳಿತು ಮಂದಿಯನ್ನು ಗದರಿಸಿದವರು. ಕಾಲು ಬಿದ್ದದ್ದಕ್ಕಿಂತ ತಮ್ಮನ್ನು ಇನ್ನೊಬ್ಬರು ಎತ್ತಿ ಕೂರಿಸುತ್ತಾರಲ್ಲ ಎಂಬುದೇ ಅವರಿಗೆ ದೊಡ್ಡ ಸಂಕಟ. ನನ್ನ ಯಜಮಾನರು ಮುಂಜಾನೆ ಅಂಗಡಿ ತೆರೆಯಲು ಮಾರ್ಕೆಟ್ಟಿಗೆ ಹೋಗಬೇಕು, ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಹೋಗಬೇಕು. ಹೀಗಾಗಿ ಮನೆಗೆ ಆರೈಕೆಯವರನ್ನು ಕಳಿಸುವ ಊರಿನದೇ ಒಂದು ಸಣ್ಣ ಸಂಸ್ಥೆಗೆ ಫೋನು ಮಾಡಿದೆವು. ಅವರು ಕಳಿಸಿದ್ದು ಖಾನಾಪುರದ ಬಾಯಿಯನ್ನು. ಮರಾಠಿ ಹೆಂಗಸರನ್ನು ನಮ್ಮ ಕಡೆ ಕರೆಯುವಂತೆ ನಾವೂ ಆಕೆಯನ್ನು ಬಾಯಿ ಎಂದೇ ಕರೆದೆವು.

ತವರು ಜಾಂಬೋಟಿ ಕಡೆಯ ಹಳ್ಳಿ, ಇರುವುದು ಖಾನಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು. ಮನೆಮಾತು ಮರಾಠಿ, ಕನ್ನಡವೂ ನೀರು ಕುಡಿದಷ್ಟು ಸುಲಭ, ಜಗಳಕ್ಕೆ ನಿಂತರೆ ಎರಡೂ ಒಟ್ಟಿಗೆ. ಮೊದಲ ದಿನ ಆಕೆ ರಾಮತೀರ್ಥ ನಗರದ ನಮ್ಮ ಮನೆ ಹೊಕ್ಕದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ. ಪುಕ್ಕಟೆ ಬಸ್ಸಿನಲ್ಲಿ ಸೀಟಿಗಾಗಿ ಕಾದಾಡಿ ಬಂದ ಹುರುಪು ಮೈಯಲ್ಲಿ ಇನ್ನೂ ಇತ್ತು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ವೈನಿ, ಮೊದಲ ಹೇಳಿಬಿಡ್ತೇನಿ. ನಾ ಎತ್ತೂ ಕೆಲಸದಾಕಿ. ಭಾಂಡೆ ತಿಕ್ಕಂಗಿಲ್ಲ" ಎಂದಳು.

ಎತ್ತೂ ಕೆಲಸವೆಂದರೆ ಏನೆಂದು ನನಗೆ ಆಮೇಲೆ ತಿಳಿಯಿತು. ಆ ಸಂಸ್ಥೆಯಲ್ಲಿ ಮೂರು ದರ್ಜೆ. ಸಂಗಾತಿ, ಆರೈಕೆ, ಶುಶ್ರೂಷೆ ಎಂದು ಸಂಸ್ಥೆಯವರು ಚೆಂದದ ಹೆಸರಿಟ್ಟಿದ್ದರು. ಕೆಲಸದ ಹೆಂಗಸರು ಅದನ್ನೇ ಕುಂದ್ರೂ ಕೆಲಸ, ಎತ್ತೂ ಕೆಲಸ, ಸೂಜಿ ಕೆಲಸ ಅನ್ನುತ್ತಿದ್ದರು. ಬಾಜೂಕ ಕುಳಿತು ಮಾತಾಡಿಸಿ ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡುವವರು ಮೊದಲನೆಯವರು. ಜಳಕ ಮಾಡಿಸಿ, ಮಗ್ಗಲು ಬದಲಿಸಿ, ಎತ್ತಿ ಕೂರಿಸಿ ಉಣ್ಣಿಸುವವರು ಎರಡನೆಯವರು. ಸೂಜಿ, ನಳಿಗೆಗಳನ್ನು ನೋಡಿಕೊಳ್ಳುವವರು ಮೂರನೆಯವರು. ದರ್ಜೆ ಏರಿದಂತೆ ಪಗಾರ ಏರುತ್ತದೆ. ಬಾಯಿ ಕುಂದ್ರೂ ಕೆಲಸದಿಂದ ಶುರು ಮಾಡಿ, ತರಬೇತಿಗೆ ಕುಳಿತು, ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ, ಮತ್ತೆ ಬರೆದು ಎರಡನೆಯ ದರ್ಜೆಗೆ ಏರಿದ್ದಳು. ಆ ದರ್ಜೆಯ ನೀಲಿ ಕೋಟನ್ನು ದಿನಾ ಇಸ್ತ್ರಿ ಮಾಡಿ ತೊಡುತ್ತಿದ್ದಳು. ಎ ಸೆಕ್ಷನ್ನು, ಬಿ ಸೆಕ್ಷನ್ನು ಎಂದು ಮಕ್ಕಳನ್ನು ವಿಂಗಡಿಸಿ ಅನ್ನ ತಿನ್ನುವವಳು ನಾನು. ಕೋಟಿನ ಬಣ್ಣಕ್ಕೆ ಇಷ್ಟೊಂದು ಬೆಲೆಯೇ ಎಂದು ಮೊದಲು ಒಳಗೊಳಗೇ ನಗು ಬಂದಿತ್ತು. ಆಕೆ ಮಾವನನ್ನು ಹಾಸಿಗೆಯಿಂದ ಎಬ್ಬಿಸುವುದನ್ನು ನೋಡಿದ ಮೇಲೆ ನಗು ನಿಂತಿತು.

ಒಂದು ಎಳೆತವಿಲ್ಲ, ಒಂದು ಕುಲುಕಿಲ್ಲ. "ಅಜ್ಜಾರ, ನನ್ನ ಕೊರಳ ಹಿಡೀರಿ. ಗಟ್ಟಿ ಹಿಡೀರಿ, ನಾ ಏನ್ ಗಾಜಿನಾಕಿ ಅಲ್ಲ" ಅನ್ನುತ್ತಾ ಆ ಎತ್ತರದ ಆಳನ್ನು ಕೂರಿಸಿಬಿಡುತ್ತಿದ್ದಳು. ಅವರು ಬೈದರೆ ತಿರುಗಿ ಬೈಯುತ್ತಿದ್ದಳು. ಇಡೀ ಅಡತ್ ಬಜಾರಿನಲ್ಲಿ ಅವರಿಗೆ ಎದುರು ಮಾತಾಡಿದವರನ್ನು ನಾನು ಕಂಡಿರಲಿಲ್ಲ. ಮಾವನ ಮುಖದಲ್ಲಿ ಮೊದಲ ಸಲ ಗೆಲುವು ಕಂಡದ್ದು ಆಕೆಯ ಜೊತೆ ಜಗಳ ಶುರುವಾದ ಮೇಲೆಯೇ.

ಆದರೆ ಎಲ್ಲಕ್ಕಿಂತ ಕಠಿಣವಾದದ್ದು ಪೂಜೆ. ಮಾವ ಲಿಂಗಪೂಜೆ ಮಾಡದೆ ಬಾಯಲ್ಲಿ ನೀರು ಕೂಡ ಹಾಕಿದವರಲ್ಲ. ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈ ಮೇಲಿಟ್ಟುಕೊಂಡು, ಎದೆಯ ಮಟ್ಟಕ್ಕೆ ಹಿಡಿದು, ಬಲಗೈಯಿಂದ ವಿಭೂತಿ, ಪತ್ರಿ ಏರಿಸಬೇಕು. ಬಿದ್ದದ್ದು ಆ ಎಡಗೈಯೇ. ಆಸ್ಪತ್ರೆಯಲ್ಲಿ ಯಜಮಾನರು ಅಪ್ಪನ ಕೈಗೆ ಕೈ ಕೊಡಲು ಹೋದರೆ, "ನೀ ಸರಿ ಅತ್ತಾಗ" ಎಂದು ಮುಖ ತಿರುಗಿಸಿದರು. ಮಗನ ಎದುರು ಕೈ ಸೋತದ್ದನ್ನು ತೋರಿಸಲಾರರು. ಮನೆಗೆ ಬಂದ ಮೇಲೂ ಅದೇ ಹಟ. ಪೂಜೆ ಸರಿಯಾಗಲಿಲ್ಲವೆಂದು ಎರಡು ತುತ್ತು ತಿಂದು ತಾಟು ಸರಿಸುತ್ತಿದ್ದರು. ದಿನದಿಂದ ದಿನಕ್ಕೆ ಕಡ್ಡಿಯಾದರು.

ಬಾಯಿ ಇದನ್ನು ಸ್ವಲ್ಪ ದಿನ ಸುಮ್ಮನೆ ನೋಡಿದಳು. ಒಂದು ಮುಂಜಾನೆ ಕೈಕಾಲು ತೊಳೆದು ಬಂದು, "ಅಜ್ಜಾರ, ನಾ ವಿಠೋಬನ ಮಂದಿ. ನಿಮ್ಮ ಪೂಜಾದಾಗ ನಾ ಮುಟ್ಟಿದರ ನಡೀತೈತೇನ್ರಿ?" ಎಂದಳು.

ಮಾವ ಬಲಗೈಯಿಂದ ಕೊರಳಿನ ಕರಡಿಗೆ ಮುಟ್ಟಿಕೊಂಡರು. ಆಮೇಲೆ ತೊದಲುತ್ತಲೇ, "ಲಿಂಗ ಮುಟ್ಟಬ್ಯಾಡ. ನನ್ನ ಕೈ ಮುಟ್ಟು" ಎಂದರು.

ಅಂದಿನಿಂದ ಒಂದು ಪದ್ಧತಿಯೇ ಬೆಳೆಯಿತು. ಪೂಜೆಗೆ ಮುಂಚೆ ಬೆಚ್ಚಗಿನ ಎಣ್ಣೆ ಹಚ್ಚಿ, ಮಡಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಎಣ್ಣೆ ಒರೆಸಿ, ಅವರನ್ನು ಲೋಡುದಿಂಬಿಗೆ ಆನಿಸಿ ನೆಟ್ಟಗೆ ಕೂರಿಸಿ, ಹೆಗಲ ಮೇಲೆ ಬಿಳಿ ಶಾಲು ಹೊದಿಸುತ್ತಿದ್ದಳು. ಶಾಲಿನ ಅಂಚು ಎಡ ಮಣಿಕಟ್ಟಿನ ತನಕ ಇಳಿಬೀಳುವಂತೆ ನೋಡಿಕೊಳ್ಳುತ್ತಿದ್ದಳು. ಆಮೇಲೆ ಅವರ ಎಡಕ್ಕೆ, ಒಂದಿಷ್ಟು ಹಿಂದೆ ಕುಳಿತು, ಶಾಲಿನೊಳಗೆ ಕೈ ತೂರಿಸಿ ಅವರ ಕೈಯನ್ನು ಕೆಳಗಿನಿಂದ ಎತ್ತಿ ಹಿಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡಿದವರಿಗೆ ಕಾಣುವುದು ಇಷ್ಟೇ: ಹಿರಿಯರೊಬ್ಬರು ನೆಟ್ಟಗೆ ಕುಳಿತು, ಅಂಗೈಯಲ್ಲಿ ಲಿಂಗ ಹಿಡಿದು, ದೃಷ್ಟಿ ನೆಟ್ಟು ಪೂಜೆ ಮಾಡುತ್ತಿದ್ದಾರೆ. ಬಾಜೂಕ ಒಬ್ಬ ಹೆಂಗಸು ಸುಮ್ಮನೆ ಕುಳಿತಿದ್ದಾಳೆ.

ಪೂಜೆ ಮುಗಿಯುವವರೆಗೂ ಶಾಲಿನೊಳಗಿನ ಆಕೆಯ ಕೈ ಅಲ್ಲಾಡುತ್ತಿರಲಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಕೇಳಿದೆ, ನೋಯುವುದಿಲ್ಲವೇ ಎಂದು. "ಗದ್ದ್ಯಾಗ ಬಗ್ಗಿ ನಾಟಿ ಹಚ್ಚಿದ ಕೈರಿ ಇದು. ನೋಯತೈತಿ ಖರೇ, ನಡಗೂದಿಲ್ಲ" ಎಂದಳು. ಶಾಲಿನ ಕೆಳಗೆ ಏನಿದೆ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಮಾವ ಮತ್ತೆ ಹೊಟ್ಟೆ ತುಂಬ ಉಣ್ಣಲು ಶುರು ಮಾಡಿದರು. ಆ ಹೆಂಗಸಿನ ಮೇಲೆ ನನಗೆ ಅಭಿಮಾನ ಉಕ್ಕಿತು, ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು. ಇಷ್ಟು ವರ್ಷದ ಸೊಸೆಗೆ ಹೊಳೆಯದ್ದು ಬಸ್ಸಿನಿಂದ ಇಳಿದು ಬಂದವಳಿಗೆ ಹೊಳೆದಿತ್ತು.

ಹೀಗಿರುವಾಗ ಸಂಸ್ಥೆಯ ಮೇಲ್ವಿಚಾರಕಿ ತಪಾಸಣೆಗೆ ಬಂದಳು. ಸ್ಕೂಟರ್ ಮೇಲೆ ಮನೆಯಿಂದ ಮನೆಗೆ ಓಡುವ ಎಳೆ ವಯಸ್ಸಿನ ಹುಡುಗಿ, ಪಾಪ, ಒಳ್ಳೆಯವಳೇ. ಯಾರೋ ತಮ್ಮನ್ನು ನೋಡಲು ಬರುತ್ತಾರೆಂದು ಕೇಳಿ ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು ಗಡ್ಡ ಬೋಳಿಸಿಕೊಂಡು ತಯಾರಾಗಿದ್ದರು. ಹುಡುಗಿ ಬಂದದ್ದು ಪೂಜೆಯ ಹೊತ್ತಿಗೆ. ನಮ್ಮಲ್ಲಿ ಪೂಜೆ ನಡೆದಿರುವಾಗ ಕೋಣೆಯೊಳಗೆ ಯಾರೂ ಕಾಲಿಡುವುದಿಲ್ಲ, ಮಾತೂ ಆಡುವುದಿಲ್ಲ. ಆಕೆ ಚಪ್ಪಲಿ ಬಿಟ್ಟು ಹೊಸ್ತಿಲ ಆಚೆಯೇ ನಿಂತು ನೋಡಿ, ಕೈ ಮುಗಿದಳು.

ಆಮೇಲೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತಾ ಕೇಳಿದಳು. "ಈಗ ಹೆಂಗ ಅದಾರ್ರಿ ಮೇಡಂ?"

"ಆರಾಮ ಅದಾರ್ರಿ" ಎಂದೆ ನಾನು.

"ಭಾಳ ಆರಾಮ ಅದಾರ್ರಿ" ಎಂದರು ಯಜಮಾನರು, ಅಂಗಡಿಗೆ ಹೊರಟವರು ಬಾಗಿಲಿನಿಂದಲೇ.

"ಮಾವಶಿ, ನೀವು ಹೇಳ್ರಿ" ಎಂದು ಬಾಯಿಯನ್ನು ಕೇಳಿದಳು. ಕೋಣೆಯ ಬಾಗಿಲು ತೆರೆದಿತ್ತು, ಮಾವ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ಬಾಯಿಯೂ, "ಆರಾಮ ಅದಾರ್ರಿ" ಎಂದಳು.

ಹುಡುಗಿ ಮೊಬೈಲಿನಲ್ಲಿ ಏನೋ ಒತ್ತಿಕೊಂಡು ಹೋದಳು. ವಾರದೊಳಗೆ ಬಾಯಿಯ ಫೋನಿಗೆ ಸಂದೇಶ ಬಂತು. ಪೇಶಂಟ್ ಸುಧಾರಿಸಿದ್ದಾರೆ, ತಾವೇ ಕುಳಿತು ಪೂಜೆ ಮಾಡುತ್ತಾರೆ, ಮುಂದಿನ ತಿಂಗಳಿಂದ ಈ ಮನೆಗೆ ಸಂಗಾತಿ ದರ್ಜೆ ಸಾಕು. ಅಂದರೆ ಬಾಯಿ ಇಲ್ಲೇ ಇರಬೇಕಾದರೆ ಮತ್ತೆ ಕುಂದ್ರೂ ಕೆಲಸದಾಕೆ ಆಗಬೇಕು. ಎತ್ತೂ ಕೆಲಸ ಬೇಕೆಂದರೆ ಬೇರೆ ಮನೆ ಹಿಡಿಯಬೇಕು. ಆಕೆ ಹೋದರೆ ಮಾವನ ಪೂಜೆ ನಿಲ್ಲುತ್ತದೆ, ಪೂಜೆ ನಿಂತರೆ ಊಟ ನಿಲ್ಲುತ್ತದೆ.

ಚೆನ್ನಾಗಿ ನೋಡಿಕೊಂಡದ್ದಕ್ಕೆ ದರ್ಜೆ ಇಳಿಸುವ ಇಂಥ ಲೆಕ್ಕ ಯಾವ ಗಣಿತದಲ್ಲಿದೆ ಎಂದು ನನ್ನ ಪಿತ್ತ ನೆತ್ತಿಗೇರಿತು. ಕಡಿಮೆ ಬೀಳುವ ಪಗಾರವನ್ನು ನಾವೇ ಕೊಡುತ್ತೇವೆ, ಇದ್ದುಬಿಡು ಎಂದೆ. ಬಾಯಿ ಒಪ್ಪಲಿಲ್ಲ.

"ರೊಕ್ಕಾ ನೀವು ಕೊಡ್ತೀರಿ ವೈನಿ, ದರ್ಜೆ ಕೊಡ್ತೀರೇನು? ನಾಳೆ ನಿಮ್ಮನಿ ಬಿಟ್ಟು ಇನ್ನೊಂದು ಮನಿಗಿ ಹೋದರ ನಾ ಬರೇ ಕುಂದ್ರೂ ಬಾಯಿ. ನಪಾಸ ಆಗಿ ಮತ್ತ ಬರದು ಈ ಕೋಟು ಹಾಕ್ಕೊಂಡೇನ್ರಿ."

"ಹಂಗಾದ್ರ ಕೈ ವಿಷಯ ಹೇಳಿಬಿಡ್ತೇನಿ ಅವರಿಗೆ."

ಆಕೆ ನನ್ನ ಕೈ ಹಿಡಿದಳು. "ಅದೊಂದು ಬ್ಯಾಡ್ರಿ. ಮಂದೀಗೆ ಹೇಳಿದ್ದು ಗೊತ್ತಾದರ ಅಜ್ಜಾರು ನಾಳಿಂದ ನನ್ನ ಕೈ ಒಲ್ಲೆ ಅಂತಾರ. ಜಳಕಾ ಮಾಡಸೂದು ಹೇಳ್ರಿ, ಮಗ್ಗಲಾ ಬದಲಸೂದು ಹೇಳ್ರಿ. ಕೈ ಬಿಟ್ಟು ಏನ್ ಬೇಕಾದ್ದು ಹೇಳ್ರಿ."

ತನ್ನ ದರ್ಜೆ ಉಳಿಸುವ ಒಂದೇ ಸಾಕ್ಷಿಯನ್ನು ಆಕೆ ತಾನೇ ಮುಚ್ಚಿಟ್ಟಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದೆ.

ಫೋನು ಮಾಡಿದೆ. ಜಳಕ ಹೇಳಿದೆ, ಮಗ್ಗಲು ಹೇಳಿದೆ. "ಪೇಶಂಟ್ ತಾವ ಕೈ ಎತ್ತಿ ಪೂಜಾ ಮಾಡೂದು ನಾ ಕಣ್ಣಾರೆ ನೋಡೇನಲ್ರಿ ಮೇಡಂ. ಬಿದ್ದ ಕೈನ ಎದ್ದ ಮ್ಯಾಲೆ ಜಳಕಕ್ಕ ಒಂದಿಷ್ಟು ಆಧಾರ ಸಾಕಲ್ರಿ. ನೀವೂ ಆರಾಮ ಅದಾರ ಅಂದ್ರಿ" ಎಂದಳು ಹುಡುಗಿ. ಕೈ ವಿಷಯ ಎತ್ತುವುದಿಲ್ಲವೆಂದು ಬಾಯಿಗೆ ಮಾತು ಕೊಟ್ಟು ಕಟ್ಟುಬಿದ್ದವಳು ನಾನು. ದನಿ ಏರಿಸಿದೆ. ನನ್ನ ದನಿ ಕೊನೆಯ ಬೆಂಚಿಗೂ ಮುಟ್ಟುವಂಥದ್ದು, ಪಕ್ಕದ ಕೋಣೆಗೆ ಮುಟ್ಟದೇ ಇರುತ್ತದೆಯೇ?

ಫೋನಿಟ್ಟಾಗ ಮಾವ ಕರೆದರು. ಏನಾಯಿತೆಂದು ಕೇಳಿ ತಿಳಿದುಕೊಂಡರು. ಬಾಯಿಯ ದರ್ಜೆ ಇಳಿದದ್ದು ಯಾಕೆ ಎಂದು ಎರಡು ಸಲ ಹೇಳಿಸಿದರು.

"ಪೆಂಟಿ ಒಡೀಲಾರದ ದರ ಹಚ್ಚಿದ್ರೇನು?" ಎಂದರು. ಬೆಲ್ಲದ ಪೆಂಟೆಯನ್ನು ಒಡೆದು ಒಳಗಿನ ಬಣ್ಣ ನೋಡದೆ ಅವರು ಎಂದೂ ದರ ಕೂಗಿದವರಲ್ಲ. "ಆ ಹುಡುಗೀನ ಕರಸು. ಪೂಜಾ ಹೊತ್ತಿಗೇ ಬಾ ಅನ್ನು."

"ಏನ್ ಮಾಡ್ತೀರಿ ಮಾವಾರ?"

"ಕರಸು ಅಂದೆ."

ಎರಡು ದಿನ ಬಿಟ್ಟು ಹುಡುಗಿ ಮಳೆಯಲ್ಲಿ ತೊಯ್ದುಕೊಂಡೇ ಬಂದಳು. ಎಲ್ಲ ಎಂದಿನಂತೆಯೇ: ಎಣ್ಣೆ, ಬೆರಳು, ಲೋಡು, ಶಾಲು. ಬಾಯಿ ಎಡಕ್ಕೆ ಕುಳಿತಳು. ಕೈ ಎದ್ದಿತು, ಲಿಂಗ ಅಂಗೈಗೆ ಬಂತು. ಹುಡುಗಿ ಹೊಸ್ತಿಲ ಆಚೆ ನಿಂತಳು, ಅವಳ ಹಿಂದೆ ನಾನು. ಈ ಸಲವೂ ಕಾಣುವುದು ಅಷ್ಟೇ ಅಲ್ಲವೇ ಎಂದು ನಾನು ಒಳಗೇ ಕುದಿಯುತ್ತಿದ್ದೆ.

ಆಗ ಮಾವ ಪೂಜೆಯ ನಡುವೆ ಮಾತಾಡಿದರು. ಅವರು ಹಾಗೆ ಮಾತಾಡಿದ್ದನ್ನು ಈ ಮನೆಗೆ ಬಂದ ಮೇಲೆ ನಾನು ಕೇಳಿದ್ದಿಲ್ಲ.

"ಒಳಗ ಬರ್ರಿ. ಬಾಜೂಕ ಬರ್ರಿ."

ಹುಡುಗಿ ಅಂಜುತ್ತಾ ಒಳಗೆ ಹೋದಳು. ಮಾವ ಬಲಗೈಯಿಂದ ಲಿಂಗವನ್ನು ಎತ್ತಿ ಕರಡಿಗೆಯೊಳಗೆ ಇಟ್ಟರು. ಅದೇ ಬಲಗೈಯಿಂದ ಹೆಗಲ ಮೇಲಿನ ಶಾಲು ಎಳೆದು ತೆಗೆದರು. ಅವರ ತೋಳಿನ ಕೆಳಗೆ ಬಾಯಿಯ ಕೈ, ನರ ಉಬ್ಬಿದ ಕೈ, ಎಲ್ಲರಿಗೂ ಕಂಡಿತು. ಬಾಯಿ ತಲೆ ತಗ್ಗಿಸಿದಳು.

"ಈಗ ಬಿಡು ಯವ್ವಾ."

"ಬ್ಯಾಡ್ರಿ ಅಜ್ಜಾರ..."

"ಬಿಡು."

ಆಕೆ ಕೈ ತೆಗೆದಳು. ಮಾವನ ಎಡಗೈ ತೊಡೆಯ ಮೇಲೆ ಬಿತ್ತು. ಬೆರಳುಗಳು ಒಳಗೆ ಮಡಚಿಕೊಂಡವು. ಮಗನಿಗೂ ತೋರಿಸದಿದ್ದ ಆ ಕೈಯನ್ನು ಅವರು ಪರಕೀಯ ಹುಡುಗಿಯೊಬ್ಬಳ ಕಣ್ಣೆದುರು ಹಾಗೇ ಬಿದ್ದಿರಗೊಟ್ಟರು. ನನಗೆ ಅಳು ತಡೆಯಲಾಗಲಿಲ್ಲ.

"ನೋಡಿದ್ರಿ? ನಾ ಆರಾಮ ಇಲ್ರಿ" ಎಂದರು ಮಾವ. "ಈಗ ಬರಕೋರ್ರಿ. ಇಕೀದು ಎತ್ತೂ ಕೆಲಸ."

ಹುಡುಗಿ ಅಲ್ಲೇ ಮೊಬೈಲು ತೆಗೆದು ಒತ್ತಿದಳು. ಕಣ್ಣು ಒರೆಸಿಕೊಂಡು, "ಮಾವಶಿ, ನಿಮ್ಮ ದರ್ಜೆ ಇದ್ದಂಗ ಇರ್ತೈತ್ರಿ" ಎಂದಳು. ಬಾಯಿ ಅವಳ ಕಡೆ ನೋಡಲೂ ಇಲ್ಲ. "ಪೂಜಾ ಅರ್ಧಕ್ಕ ನಿಂತೈತಿ, ಎಲ್ಲಾರೂ ಹೊರಗ ನಡೀರಿ" ಎಂದು ನಮ್ಮನ್ನು ಗದರಿಸಿ, ಮಡಚಿದ ಬೆರಳುಗಳನ್ನು ಮತ್ತೆ ಒಂದೊಂದಾಗಿ ಬಿಡಿಸಿ, ಆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿದಳು. ಇನ್ನೊಂದು ಕೈಯಿಂದ ಶಾಲು ಎಳೆದು ಹೊದಿಸಲು ಹೋದಳು.

"ಇರಲಿ ಬಿಡು, ಸೆಕಿ ಆಗತೈತಿ" ಎಂದರು ಮಾವ.

ಹೊರಗೆ ಜಿಟಿಜಿಟಿ ಮಳೆ, ಕಿಟಕಿಯಿಂದ ಕೊರೆಯುವ ಗಾಳಿ. ಆ ದಿನದ ನಂತರ ಅವರು ಪೂಜೆಗೆ ಶಾಲು ಹೊದೆಯಲಿಲ್ಲ.