ಒಂದೇ ದಿನದಲ್ಲಿ ಬೆಳ್ಳಗಾದ ಕಣ್ಣು

ಕಳೆದ ಮಳೆಗಾಲ ನಮ್ಮ ಕಾಲನಿಯಲ್ಲಿ ಕಣ್ಣುಬೇನೆ ಹಬ್ಬಿತ್ತು. ಕೆಳಗಿನ ಮನೆಯವರು ವಿಜಯಪುರದ ಕಡೆಯವರು, ಕಾಮಠಿಯ ದಂಡಿನ ಕಚೇರಿಯಲ್ಲಿ ಫೈಲು ಕಟ್ಟಿ ಕಟ್ಟಿಯೇ ನಿವೃತ್ತರಾದ ಗುಮಾಸ್ತರು. ಕಪ್ಪು ಕನ್ನಡಕ ಏರಿಸಿ ಮೆಟ್ಟಿಲ ಮೇಲೆ ದವಾಖಾನೆಯನ್ನೇ ತೆರೆದರು. ಹೆಂಡತಿಯ ಪೊರೆ ಆಪರೇಷನ್ನಿನಲ್ಲಿ ಉಳಿದ ಸ್ಟೀರಾಯ್ಡ್ ಹನಿಯ ಒಂದು ಬಾಟಲಿ ಮೂರು ಮಹಡಿ ಸುತ್ತಿತು. ಕೊಟ್ಟವರಿಗೂ ಬುದ್ಧಿ ಇರಲಿಲ್ಲ, ಇಸಿದುಕೊಂಡವರಿಗೂ ಇರಲಿಲ್ಲ.

ನನ್ನ ಮಗಳಿಗೆ ಒಂದೇ ಕಣ್ಣು ಕೆಂಪಾಗಿತ್ತು. ಇನ್ನು ಮೂರು ವಾರಕ್ಕೆ ವಾಯುಪಡೆ ಸೇರಲು ವೈದ್ಯಕೀಯ ತಪಾಸಣೆ. ಅವಳು ಎರಡು ವರ್ಷದಿಂದ ಕಾದಿದ್ದ ದಿನ.

“ಎರಡ್ ಹನಿ ಹಾಕ್ರಿ ವೈನೀ, ನಾಳೆ ಬರೋಬರ್ ಆಗ್ತೈತಿ. ಡಾಕ್ಟರ್ ಕಡೆ ಹೋದ್ರ ಇಲ್ಲದ ರೋಗಾನೂ ಹಚ್ಚಿ ಕಳಸ್ತಾರ,” ಎಂದರು ಗುಮಾಸ್ತರು, ನನ್ನನ್ನು ಅತ್ತಿಗೆಯೆಂದೇ ಕರೆಯುವವರು.

ಮರುದಿನ ಕಣ್ಣು ಬೆಳ್ಳಗಾಯಿತು. ಗುಮಾಸ್ತರು ಹಾಲಿನವನಿಗೂ ಅದನ್ನು ಹೇಳಿದರು. ವಾರ ಕಳೆಯುವಷ್ಟರಲ್ಲಿ ಮಗಳು ಬೆಳಕು ಕಂಡರೆ ಮುಖ ತಿರುಗಿಸತೊಡಗಿದಳು, ಅಕ್ಷರಗಳು ಮಂಜಾದವು. ಆಮೇಲೆ ಡಾಕ್ಟರ ಬಳಿ ಓಡಿದೆ. ಅವರು ಕಣ್ಣಿಗೆ ಹಳದಿ ಬಣ್ಣ ಬಿಟ್ಟು ನೀಲಿ ಬೆಳಕು ಹಾಯಿಸಿದಾಗ, ಕರಿಗುಡ್ಡೆಯ ಮೇಲೆ ಎಲೆಯುದುರಿದ ಟೊಂಗೆಯಂಥ ಹುಣ್ಣು ಕಂಡಿತು. ಅದು ಊರಿಗೆಲ್ಲ ಬಂದ ಬೇನೆಯಲ್ಲ, ಹರ್ಪಿಸ್ ವೈರಸ್ಸಿನ ಸೋಂಕು. ಆ ಕೆಂಪು, ನೀರು, ಊತವೆಲ್ಲ ಕಣ್ಣು ವೈರಸ್ಸಿನೊಡನೆ ಕಾದಾಡುತ್ತಿದ್ದುದರ ಗುರುತು. ಹನಿ ನಿಲ್ಲಿಸಿದ್ದು ಕಾದಾಟವನ್ನು. ವೈರಸ್ ಆರಾಮಾಗಿ ಹರಡಿಕೊಂಡಿತ್ತು.

ಇದನ್ನು ನಾನು ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ಒಳ್ಳೆಯ ಅಂಕವೂ ಬಂದಿತ್ತು.

ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದೆ: ಗುಮಾಸ್ತರು ಮೇಲೆ ಬಂದರು, ನಾನು ಬೇಡವೆನ್ನುವಷ್ಟರಲ್ಲಿ ಹನಿ ಹಾಕಿಬಿಟ್ಟರು. ಅವರ ಒರಟು ಬೆರಳುಗಳೂ ನನಗೆ ನೆನಪಿದ್ದವು. ಮೊನ್ನೆ ನನ್ನ ತಂಗಿಯ ಮುಂದೆ ಹೇಳುವಾಗ ಮಗಳು ತಡೆದಳು.

“ಅಂಕಲ್ ನಮ್ಮನಿಗೆ ಬಂದೇ ಇಲ್ಲಮ್ಮಾ. ನೀನ ನನ್ನ ತಲಿ ತೊಡಿಮ್ಯಾಲೆ ಇಟ್ಕೊಂಡು ಹಾಕಿದಿ. ಡಾಕ್ಟರ್ ಕಡೆ ಹೋಗೋಣು ಅಂದ್ರ, ‘ಜಲ್ದಿ ಆಗ್ಬೇಕಲ್ಲ, ಸುಮ್ನಿರು’ ಅಂದಿ.”

ಹಾಗಾದರೆ ಆ ಒರಟು ಬೆರಳು ಯಾರವು? ನನಗೆ ಈಗಲೂ ತೊಡೆಯ ಮೇಲಿನ ತಲೆ ನೆನಪಾಗುತ್ತಿಲ್ಲ.

ಹುಣ್ಣು ಮಾಯ್ದಿದೆ, ಕಲೆ ಉಳಿದಿದೆ. ತಪಾಸಣೆಯ ದಿನ ಅವಳು ಪರದೆ ಎಳೆದ ಕೋಣೆಯಲ್ಲಿ ಮಲಗಿದ್ದಳು. ಈಗ ದಿನಾ ಬೆಳಿಗ್ಗೆ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದುತ್ತಾಳೆ. ದೊಡ್ಡ ಅಂಕಿಗಳನ್ನು ಓದುತ್ತಾಳೆ. ಸಣ್ಣವಕ್ಕೆ ಬಂದಾಗ ನಾನು ಅಡುಗೆಮನೆಗೆ ಹೋಗುತ್ತೇನೆ.