ಶಾಹೀನಳ ಫೈಲಿನಲ್ಲಿ ನಾನು ಬದಲಿಸಿದ ಸಂಖ್ಯೆ

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಆ ಬೇಸಿಗೆ ಮೆಣಸಿನಕಾಯಿ ಕೆಟ್ಟದ್ದು ಶಾಹೀನಳ ತಪ್ಪಿನಿಂದಲ್ಲ. ಕೆಡಿಸಿದವನು ನಾನು.

ನಾವಿಬ್ಬರೂ ಹಾವೇರಿಯಲ್ಲಿ ಡಿಪ್ಲೊಮಾ ಓದಿ, ರಾಣೆಬೆನ್ನೂರಿನಲ್ಲಿ ಕೂಡಿ ಕಂಪ್ಯೂಟರ್ ಅಂಗಡಿ ನಡೆಸಿದವರು. ಪ್ರೋಗ್ರಾಂ ಬರೆಯುವವಳು ಅವಳು. ಗಿರಾಕಿಗಳ ಜೊತೆ ಮಾತು ನನ್ನದು. ಬ್ಯಾಡಗಿಯ ಬಸವಣ್ಣೆಪ್ಪನವರ ಕೋಲ್ಡ್ ಸ್ಟೋರೇಜಿಗೆ ಅವಳು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಳು— ಒಳಗಿನ ತಾಪಮಾನ ಹನ್ನೆರಡು ಡಿಗ್ರಿ ದಾಟಿದರೆ ಸೈರನ್ ಕೂಗಬೇಕು. ಒಂದು ದಿನ ಅವರೆದುರಿಗೇ ನನ್ನತ್ತ ಕೈ ತೋರಿಸಿ, "ವೀರೇಶಗ ಇದು ತಿಳಿಯಂಗಿಲ್ರಿ, ನನ್ನ ಕೇಳ್ರಿ" ಅಂದಳು. ಮಾತು ನಿಜವಾಗಿತ್ತು. ನಿಜವಾಗಿದ್ದಕ್ಕೇ ನನಗೆ ಅದನ್ನು ನುಂಗಲಾಗಲಿಲ್ಲ. ಅದೇ ವರ್ಷ ಜಗಳವಾಡಿ ಬೇರೆಯಾದೆವು.

ಕೋಲ್ಡ್ ಸ್ಟೋರೇಜಿನ ಕಂಪ್ಯೂಟರ್ ರಿಪೇರಿ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ಅವಳು ಕೈಯಾರೆ ಬರೆದ ಮೂಲ ಪ್ರೋಗ್ರಾಂ ಅಲ್ಲಿರಲಿಲ್ಲ. ಇದ್ದದ್ದು ಬೈಟ್‌ಕೋಡ್— ಪೈಥಾನ್ ತಾನು ಓದಿಕೊಳ್ಳಲೆಂದು ಮಾಡಿಟ್ಟ, ಮನುಷ್ಯರ ಕಣ್ಣಿಗೆ ಕಸದಂತೆ ಕಾಣುವ ಫೈಲು. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದೆ. ಬಿಚ್ಚಲು ಒಂದು ಪ್ರೋಗ್ರಾಂ ಬರೆದೆ— ಒಂದು ಆದೇಶ, ಅದರ ಮುಂದಿನದು, ಮತ್ತೆ ಮುಂದಿನದು. ಫಂಕ್ಷನ್ ಎಂಬ ಆದೇಶಗಳ ಒಂದು ಕಟ್ಟಿನೊಳಗೆ ಇನ್ನೊಂದಿದ್ದರೆ ಅದರೊಳಗೂ ಇಳಿದು ನೋಡುವಂಥದ್ದು. ಅವಳ ಜೊತೆಗಿದ್ದಾಗ ಅಷ್ಟು ಶ್ರದ್ಧೆಯಿಂದ ನಾನು ಏನನ್ನೂ ಕಲಿತಿರಲಿಲ್ಲ... ಕೊನೆಗೆ ಸಿಕ್ಕಿತು. ತಾಪಮಾನವನ್ನು ಹೋಲಿಸುವ ಆದೇಶ, ಅದು ಬಳಸುವ ಹನ್ನೆರಡು. ಹನ್ನೆರಡನ್ನು ನಲವತ್ತು ಮಾಡಿ, ಫೈಲನ್ನು ಮೊದಲಿದ್ದ ಜಾಗದಲ್ಲೇ ಇಟ್ಟು ಬಂದೆ.

ಬೇಸಿಗೆಯಲ್ಲಿ ತಂಪು ಮಾಡುವ ಯಂತ್ರ ನಿಂತಿತು. ಸೈರನ್ ಕೂಗಲಿಲ್ಲ. ಚೀಲಗಳು ಬೆವೆತು ಬೂಸ್ಟು ಹಿಡಿದವು.

ಬಸವಣ್ಣೆಪ್ಪನವರು ನಮ್ಮಿಬ್ಬರನ್ನೂ ಕರೆಸಿದರು. ಶಾಹೀನ ಲ್ಯಾಪ್‌ಟಾಪ್ ತೆರೆದು ತಾನು ಬರೆದ ಮೂಲವನ್ನು ತೋರಿಸಿದಳು. ಹನ್ನೆರಡೇ ಇತ್ತು. ಅವರು ನನ್ನ ಮುಖ ನೋಡಿದರು. ಆಗ ನಾನು ಹೇಳಿದೆ—

"ಮನ್ಯಾಗ ತಿದ್ಕೊಂಡು ಬಂದು ತೋರಿಸಾಕತ್ತಾಳ್ರಿ."

ಅಷ್ಟೇ ಸಾಕಾಯಿತು. ಹಮಾಲರ ಎದುರಿಗೇ ಅವರು ಅವಳನ್ನು ಬೈದು ಹೊರಗೆ ಹಾಕಿದರು. ಆಮೇಲೆ ಬ್ಯಾಡಗಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಅವಳಿಗೆ ಯಾರೂ ಕೆಲಸ ಕೊಡಲಿಲ್ಲ. ನನಗೆ— ಇದನ್ನೂ ಹೇಳಬೇಕು— ಖುಷಿಯಾಗಿತ್ತು. ವರ್ಷಗಟ್ಟಲೆ ಖುಷಿಯಾಗಿತ್ತು.

ಕಳೆದ ತಿಂಗಳು ಹಾವೇರಿ ಕೋರ್ಟಿನ ಎದುರು ಒಂದು ಅಫಿಡವಿಟ್ ಮಾಡಿಸಲು ಟೈಪಿಂಗ್ ಅಂಗಡಿಗೆ ಹೋದೆ. ಕೂತಿದ್ದವಳು ಅವಳೇ. ಗುರುತೇ ಇಲ್ಲದವರಂತೆ ನನ್ನ ಹೆಸರು, ಅಪ್ಪನ ಹೆಸರು ಕೇಳಿದಳು; ಟೈಪು ಮಾಡಿದಳು. ನನಗೆ ತಡೆಯಲಾಗಲಿಲ್ಲ. ಆ ನಲವತ್ತು ನನ್ನ ಕೆಲಸವೆಂದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತೈತಿ. ಅವತ್ತ ಆ ಫೈಲ್ ಕಾಪಿ ಮಾಡ್ಕೊಂಡು ಹೋಗಿ ನಾನೂ ಬಿಚ್ಚಿ ನೋಡೇನಿ. ಕೇಳಾವ್ರು ಯಾರಿದ್ರು? ನನ್ನ ಮುಂದ ಹೇಳಿ ಹಗುರಾಗಬ್ಯಾಡ. ಬ್ಯಾಡಗಿಗೆ ಹೋಗಿ ಹೇಳು."

ಹೋದೆ. ಹೇಳಿದೆ. ಬಸವಣ್ಣೆಪ್ಪನವರು ನನ್ನ ಕಪಾಳಕ್ಕೆ ಹೊಡೆದರು. ಅಲ್ಲೇ ನಿಂತು ಶಾಹೀನಳಿಗೆ ಫೋನ್ ಹಚ್ಚಿ, ಮತ್ತೆ ಬಂದು ಕೆಲಸ ನೋಡಿಕೊಳ್ಳವ್ವ ಎಂದು ಕೇಳಿಕೊಂಡರು. ಅವಳು ಏನಂದಳೋ ನನಗೆ ಕೇಳಿಸಲಿಲ್ಲ. ಫೋನನ್ನು ಕಿಸೆಗಿಟ್ಟುಕೊಂಡು, ನನ್ನ ಕಡೆ ನೋಡದೆ ಅವರು ಒಳಗೆ ಹೋದರು.

ಅವಳ ಮೇಲಿನ ನನ್ನ ಹಗೆ ಪೂರ್ತಿ ಹೋಗಿದೆಯೆಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕ್ಷಮೆ ಕೇಳುವ ಯೋಗ್ಯತೆಯೂ— ಇರಲಿ. ರಾಣೆಬೆನ್ನೂರಿನಲ್ಲಿ ಇನ್ನೂ ಕೆಲವರಿಗೆ ಹೇಳುವುದಿದೆ. ನಾಳೆ ಹೋಗುತ್ತೇನೆ.