ಹಿಮ್ಮಡ ಬಡಿದು ಬರ್ರಿ

ರಾವೂರಿನ ನರಸಪ್ಪ ಮಾತಾಡಿದರೆ ಮೂರು ಮನೆ ಆಚೆ ಇದ್ದವರು ಜಗಳ ಹತ್ತಿತು ಅಂತ ತಿಳಕೊಳ್ಳುತ್ತಾರೆ. ಜಗಳ ಇರುವುದಿಲ್ಲ. ಹೆಂಡತಿ ಗುಂಡಮ್ಮನಿಗೆ ಒಂದು ಕಪ್ಪು ಚಹಾ ಕೇಳಿರುತ್ತಾನೆ, ಅಷ್ಟೇ.

ಇಪ್ಪತ್ತಾರು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಕಲ್ಲು ಕೊಯ್ಯುವ ಮಷೀನಿನ ಹಿಂದೆ ನಿಂತ ಮನುಷ್ಯ ಅವನು. ಮಷೀನು ಶುರುವಾಯಿತೆಂದರೆ ಎದುರಿಗೆ ನಿಂತವನ ಮಾತೂ ಕೇಳುವುದಿಲ್ಲ. ಅದಕ್ಕೇ ಖಣಿಯವರು ಕೈಯಲ್ಲಿ ಮಾತಾಡುತ್ತಾರೆ. ಮುಷ್ಟಿ ಎತ್ತಿದರೆ ನಿಲ್ಲಿಸು. ಅಂಗೈ ಎದೆಯ ಕಡೆ ಎಳೆದರೆ ಇತ್ತ ಬಾ. ಅಂಗೈ ನೆಲದ ಕಡೆ ಒತ್ತಿದರೆ ಕೂತುಕೋ. ಬೆನ್ನು ತಿರುಗಿಸಿ ಬಗ್ಗಿದವನನ್ನು ಕರೆಯಬೇಕಾದರೆ ಹಿಮ್ಮಡದಿಂದ ಹಾಸುಗಲ್ಲಿಗೆ ಎರಡು ಸಲ ಜೋರಾಗಿ ಬಡಿಯಬೇಕು. ಕಲ್ಲಿನೊಳಗಿಂದ ಅವನ ಪಾದಕ್ಕೆ ಗೊತ್ತಾಗುತ್ತದೆ, ತಿರುಗಿ ನೋಡುತ್ತಾನೆ.

ಎರಡು ವರ್ಷದ ಹಿಂದೆ ಗುಂಡಮ್ಮ ಒಂದು ಕಂದು ಬಣ್ಣದ ನಾಯಿಮರಿ ತಂದು ಹಾಲು ಹಾಕಿ ಸಾಕಿದಳು. ನರಸಪ್ಪ ಅದಕ್ಕೆ ಭೂರ್ಯಾ ಅಂತ ಹೆಸರಿಟ್ಟ. ಮರಿ ಸಣ್ಣ ಸಪ್ಪಳಕ್ಕೂ ಹಗ್ಗದ ಹೊರಸಿನ ಕೆಳಗೆ ಹೋಗಿ ಅಡಗುತ್ತಿತ್ತು. ಅಂಜುಬುರುಕ ನಾಯಿ ಮನೆ ಏನು ಕಾದೀತು ಅಂತ ಅವನಿಗೆ ಸಿಟ್ಟು. ದಿನಾ ಖಣಿಗೆ ಒಯ್ದು ಮಷೀನಿನ ಪಕ್ಕದ ಕಂಬಕ್ಕೆ ಕಟ್ಟಿದ. ಮೊದಮೊದಲು ಅದು ಹಗ್ಗ ಹರಿಯುವಂತೆ ಜಗ್ಗಿತು, ಅತ್ತಿತು. ಆರು ತಿಂಗಳು ಕಳೆಯುವುದರೊಳಗೆ ಮಷೀನಿನ ಪಕ್ಕದಲ್ಲೇ ಕಾಲು ಚಾಚಿ ಮಲಗಲಿಕ್ಕೆ ಹತ್ತಿತು.

"ನೋಡ್ರಿ, ಹೆಂಗ ಗಟ್ಟಿ ಮಾಡೀನಿ," ಅಂತ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ.

ಆದರೆ ಮನೆಯಲ್ಲಿ ಕರೆದರೆ ಅದು ಬರುತ್ತಿರಲಿಲ್ಲ. ಹೆಸರು ಹಿಡಿದು ಒದರಿದರೂ ಬೆನ್ನು ತಿರುಗಿಸಿಕೊಂಡು ಕೂತಿರುತ್ತಿತ್ತು. ಸೊಕ್ಕು ಬಂದಿದೆ ಅಂತ ನರಸಪ್ಪ ಎಷ್ಟು ಸಲ ಚಪ್ಪಲಿ ಎಸೆದನೋ ಲೆಕ್ಕವಿಲ್ಲ. ಊರಿಗೆ ನಾಯಿಗಳಿಗೆ ಹುಚ್ಚು ಹಿಡಿಯದಂತೆ ಸೂಜಿ ಹಾಕುವವರು ಬಂದಾಗ, "ಮನಿ ನಾಯಿಗ್ಯಾಕ ಸೂಜಿ? ಬೀದಿ ನಾಯಿಗೆ ಹಾಕ್ರಿ," ಅಂತ ಬಾಗಿಲಿನಿಂದಲೇ ಹೊಳ್ಳಿ ಕಳಿಸಿದ್ದ.

ಈ ಏಪ್ರಿಲಿನಲ್ಲಿ ಒಂದು ಶುಕ್ರವಾರ, ಅವನ ಜೊತೆ ಮಷೀನಿನ ಮೇಲೆ ಇಪ್ಪತ್ತು ವರ್ಷದಿಂದ ದುಡಿಯುವ ತೌಹೀದ ನಮಾಜು ಮುಗಿಸಿ ನಟ್ಟು ಬಿಚ್ಚುವ ಪಾನಾ ವಾಪಸು ಕೊಡಲಿಕ್ಕೆ ಮನೆಗೆ ಬಂದ. ಭೂರ್ಯಾ ಕಟ್ಟೆಯ ಮೇಲೆ ಆಚೆ ಮುಖ ಮಾಡಿ ಮಲಗಿತ್ತು. ತಾನೇ ಕೈಯಾರೆ ಬ್ರೆಡ್ಡು ತಿನ್ನಿಸಿದ ನಾಯಿ ಅಂತ ತೌಹೀದ ಯಾವ ಅನುಮಾನವೂ ಇಲ್ಲದೆ ಬಗ್ಗಿ ಬೆನ್ನ ಮೇಲೆ ಕೈ ಇಟ್ಟ. ನಾಯಿ ಬೆಚ್ಚಿ ಎದ್ದಿದ್ದೇ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಕಡಿದು, ಕಡಿದದ್ದು ಯಾರನ್ನು ಅಂತ ನೋಡಿದ ಮೇಲೆ ಬಾಲ ಮುದುರಿಕೊಂಡು ಆಡಿನ ಕೊಟ್ಟಿಗೆಯೊಳಗೆ ಹೊಕ್ಕಿತು.

ಗುಂಡಮ್ಮ ತೌಹೀದನನ್ನು ನಳದ ಕೆಳಗೆ ಕೂಡಿಸಿ ಸಾಬೂನು ಹಚ್ಚಿ ಗಾಯ ತೊಳೆಯಲಿಕ್ಕೆ ಕೂತಳು. ಓಣಿಯವರು ಒಬ್ಬರು ಖಾರದ ಪುಡಿ ತಂದರು, ಇನ್ನೊಬ್ಬರು ಸುಣ್ಣ.

"ಅವೆಲ್ಲ ನಿಮ್ಮ ಅಡಗಿ ಮನ್ಯಾಗ ಇಟ್ಕೋರಿ," ಅಂದಳು ಗುಂಡಮ್ಮ. "ಪಾವ್ ತಾಸು ನೀರಾಗ ತೊಳೀಬೇಕು, ಆಮ್ಯಾಲೆ ದವಾಖಾನಿ. ನಮ್ಮೂರ ಆಶಾ ಕಾರ್ಯಕರ್ತಿ ಹೇಳ್ಯಾಳ."

ಪಕ್ಕದ ಮನೆಯ ಸಂತೋಷಕುಮಾರ ಹಾರೆ ತಂದು ನರಸಪ್ಪನ ಕೈಯಲ್ಲಿ ಇಟ್ಟ. "ಗುರ್ತಿದ್ದವ್ರನ್ನೇ ಕಡಿಲಿಕತ್ತದಂದ್ರ ಹುಚ್ಚೇ ಹಿಡದದ. ಮುಗಿಸಿಬಿಡ್ರಿ."

ನರಸಪ್ಪ ಹಾರೆ ಹಿಡಿದು ಕೊಟ್ಟಿಗೆಯ ತನಕ ಹೋದ. ಗುಂಡಮ್ಮ ಎದ್ದು ಬಂದು ಕೊಟ್ಟಿಗೆಯ ಬಾಗಿಲಿಗೆ ಚಿಲಕ ಹಾಕಿದಳು. "ಮೊದಲ ಆ ಮನುಷ್ಯಾನ್ನ ಕರ್ಕೊಂಡು ನಡೀರಿ. ಕೊಲ್ಲೋದೇನು, ಸಂಜಿಗೂ ಕೊಲ್ಲಬಹುದು."

ವಾಡಿಯ ಸರಕಾರಿ ದವಾಖಾನೆಯಲ್ಲಿ ಗಾಯದ ಸುತ್ತ ಔಷಧ ಚುಚ್ಚಿ, ತೋಳಿಗೆ ಸೂಜಿ ಹಾಕಿದ ಡಾಕ್ಟರು ನಾಯಿಗೆ ಸೂಜಿ ಆಗಿದೆಯೇನು ಅಂತ ಕೇಳಿದರು. ನರಸಪ್ಪ ಹುಟ್ಟಿದ ಮೇಲೆ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿರಲಿಕ್ಕಿಲ್ಲ. "ಇಲ್ರಿ."

"ಕೊಂದು ಗಿಂದು ಹಾಕಬ್ಯಾಡ್ರಿ. ಹತ್ತು ದಿನ ಕಟ್ಟಿ ಹಾಕಿ ನೋಡ್ರಿ, ಹತ್ತಿರ ಹೋಗಬ್ಯಾಡ್ರಿ. ಹತ್ತು ದಿನ ಅದು ಆರಾಮ ಇತ್ತಂದ್ರ ಕಡಿದಾಗ ಅದಕ್ಕ ಹುಚ್ಚು ಇರಲಿಲ್ಲ ಅಂತ ತಿಳೀತದ. ಏನೇ ಆಗ್ಲಿ, ಇವ್ರ ಸೂಜಿ ಮಾತ್ರ ಒಂದೂ ತಪ್ಪಬಾರ್ದು."

ಮನೆಗೆ ಬಂದಾಗ ತೌಹೀದನ ಹೆಂಡತಿ ಶೈಸ್ತಾ ಕಟ್ಟೆಯ ಹತ್ತಿರ ನಿಂತಿದ್ದಳು. ಅವಳು ಒದರಲಿಲ್ಲ, ಬೈಯಲಿಲ್ಲ. "ನರಸಪ್ಪ ಭಾಯಿ, ನಿಮ್ಮ ನಾಯಿ ಸತ್ರ ನೀವು ಇನ್ನೊಂದು ತರ್ತೀರಿ. ಇವ್ರನ್ನ ನಾ ಎಲ್ಲಿಂದ ತರ್ಲಿ?" ಅಂದಳು.

ಮೂರನೆಯ ದಿನ ಚಿತ್ತಾಪುರದ ದನದ ದವಾಖಾನೆಯಿಂದ ಶೈಲಶ್ರೀ ಮೇಡಂ ಬಂದರು. ಕೊಟ್ಟಿಗೆಯ ಹೊರಗೇ ನಿಂತು ನಾಯಿಯನ್ನು ಭಾಳ ಹೊತ್ತು ನೋಡಿದರು. ಅದು ಆಚೆ ಮುಖ ಮಾಡಿ ಕೂತಿತ್ತು.

"ಹೆಸರು ಹಿಡಿದು ಕರೀರಿ."

"ಭೂರ್ಯಾ," ಅಂತ ನರಸಪ್ಪ ಕರೆದ. ಅಂಗಳಕ್ಕೆ ತಂದು ಕಟ್ಟಿದ್ದ ಆಡುಗಳು ಎದ್ದು ನಿಂತವು. ನಾಯಿ ಕಿವಿಯನ್ನೂ ಆಡಿಸಲಿಲ್ಲ.

"ನೋಡ್ರಿ ಇದರ ಸೊಕ್ಕು."

ಮೇಡಂ ಸುಮ್ಮನೆ ಅವನ ಹಿಂದೆ ಹೋಗಿ, ಒಂದು ಬೋಗುಣಿಗೆ ಕೋಲಿನಿಂದ ಠಣ್ಣಂತ ಹೊಡೆದರು. ಗುಂಡಮ್ಮ ಎದೆ ಹಿಡಿದುಕೊಂಡಳು. ನಾಯಿ ಅಲುಗಲಿಲ್ಲ. ನರಸಪ್ಪನೂ ಅಲುಗಲಿಲ್ಲ.

"ಎರಡಕ್ಕೂ ಕಿವುಡು," ಅಂದಳು ಗುಂಡಮ್ಮ.

ಮೇಡಂ ನಗಲಿಲ್ಲ. ಈ ನಾಯಿ ಸಣ್ಣದಿದ್ದಾಗ ಎಲ್ಲಿರುತ್ತಿತ್ತು ಅಂತ ಕೇಳಿದರು. ನರಸಪ್ಪ ಮಷೀನಿನ ಕಂಬದ ಕಥೆ ಹೇಳಲಿಕ್ಕೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ. ಹೇಳುತ್ತಾ ಹೇಳುತ್ತಾ ಅವನಿಗೇ ತಿಳಿಯಿತು.

"ಗಟ್ಟಿ ಆಗಿಲ್ರಿ ಅದು, ಕಿವಿ ಹೋಗ್ಯಾವ," ಅಂದರು ಮೇಡಂ. "ಅಂಜಿಕಿ ಹಂಗೇ ಅದ. ಕೇಳಂಗಿಲ್ಲ, ಅದಕ್ಕ ಹಿಂದಿನಿಂದ ಮುಟ್ಟಿದವ್ರು ಯಾರು ಅಂತ ತಿಳಿಯೂದ್ರಾಗ ಬಾಯಿ ಹಾಕ್ತದ. ನನಗ ಹಂಗ ಕಾಣ್ತದ, ಆದ್ರ ಹತ್ತು ದಿನ ಮುಗೀಲಿ. ಈಗೇನೂ ಹೇಳಂಗಿಲ್ಲ."

ಕಿವಿ ತಾನೇ ಕೆಡಿಸಿ, ಕರೆದರೆ ಬರಲಿಲ್ಲ ಅಂತ ತಾನೇ ಚಪ್ಪಲಿ ಎಸೆದಿದ್ದ. ನರಸಪ್ಪ ಅವತ್ತು ಕಟ್ಟೆಯ ಮೇಲೆ ಒಬ್ಬನೇ ಕೂತ.

ಆರನೆಯ ದಿನ ಮಧ್ಯಾಹ್ನ ಅವನ ಜೀವ ಬಾಯಿಗೆ ಬಂತು. ಬೆಳಿಗ್ಗೆ ಗಾರೆ ಹೊರುವ ಬುಟ್ಟಿಯಲ್ಲಿ ಇಟ್ಟ ನೀರನ್ನು ಭೂರ್ಯಾ ಮುಟ್ಟಿರಲಿಲ್ಲ. ಬುಟ್ಟಿಯ ತನಕ ಹೋಗುತ್ತಿತ್ತು, ಮೂತಿ ಇಡುತ್ತಿತ್ತು, ಹಿಂದೆ ಸರಿಯುತ್ತಿತ್ತು. ನಾಲಿಗೆ ಹೊರಗೆ, ಬಾಯಿಂದ ಜೊಲ್ಲು. ನೀರಿಗೆ ಅಂಜಿತೆಂದರೆ ಮುಗಿಯಿತು ಅಂತ ಊರೆಲ್ಲ ಹೇಳುವ ಮಾತು. ನರಸಪ್ಪನ ಕಣ್ಣ ಮುಂದೆ ನಾಯಿ ಬರಲಿಲ್ಲ, ಶೈಸ್ತಾಳ ಮುಖ ಬಂತು. ಮೇಡಂಗೆ ಫೋನು ಹಚ್ಚಿದ.

"ನೀರು ಯಾತರಾಗ ಇಟ್ಟೀರಿ?"

"ಕಬ್ಬಿಣದ ಬುಟ್ಟಿಯಾಗ್ರಿ."

"ಎಲ್ಲಿ? ನೆಳ್ಳಾಗ?"

ನರಸಪ್ಪ ತಿರುಗಿ ನೋಡಿದ. ಕೊಟ್ಟಿಗೆಯ ತಗಡು ಒಂದು ಕಡೆ ಹಾರಿಹೋಗಿತ್ತು. ಬಿಸಿಲು ಸೀದಾ ಬುಟ್ಟಿಯ ಮೇಲೆ. ಏಪ್ರಿಲಿನ ರಾವೂರು ಬಿಸಿಲು, ಆ ಬುಟ್ಟಿಯಲ್ಲಿ ಚಹಾಪುಡಿ ಹಾಕಿದ್ದರೆ ಚಹಾ ಆಗುತ್ತಿತ್ತು.

ಉದ್ದನೆಯ ಕೋಲಿನಿಂದ ಬುಟ್ಟಿ ಬೋರಲು ಹಾಕಿದ. ಅಗಲ ಬಾಯಿಯ ಮಣ್ಣಿನ ಪರಾತದಲ್ಲಿ ಗಡಿಗೆಯ ತಣ್ಣೀರು ತುಂಬಿ, ನೆರಳಿದ್ದ ಕಡೆಗೆ ಅದೇ ಕೋಲಿನಿಂದ ದೂಡಿದ. ಭೂರ್ಯಾ ಲಪಲಪ ಅಂತ ಅರ್ಧ ಪರಾತ ಖಾಲಿ ಮಾಡಿತು. ನರಸಪ್ಪ ಅಲ್ಲೇ ನೆಲಕ್ಕೆ ಕೂತು ತೌಹೀದನಿಗೆ ಫೋನು ಮಾಡಿದ.

"ಕುಡೀತೋ, ತೌಹೀದ. ನೀರು ಕುಡೀತು."

"ನೀ ಒದರೋದು ಫೋನಿಲ್ಲದೇ ಕೇಳ್ಲಿಕತ್ತದ," ಅಂದ ತೌಹೀದ.

ಉಳಿದ ನಾಲ್ಕು ದಿನ ನರಸಪ್ಪ ಕೊಟ್ಟಿಗೆಯ ಹೊರಗೆ ಕೂತು ಒಂದು ಕೆಲಸ ಮಾಡಿದ. ನಾಯಿ ತನ್ನ ಕಡೆ ನೋಡಿದಾಗ ಅಂಗೈ ನೆಲದ ಕಡೆ ಒತ್ತುವುದು, ಅದು ಕೂತರೆ ರೊಟ್ಟಿಯ ತುಣುಕು ಎಸೆಯುವುದು. ಖಣಿಯ ಭಾಷೆ. ಭೂರ್ಯಾ ಎರಡೇ ದಿನಕ್ಕೆ ಕಲಿತಿತು. ಸೊಕ್ಕಿನ ನಾಯಿ ಅಂದವನಿಗೆ ತನ್ನ ಮೇಲೇ ಸಿಟ್ಟು ಬಂತು.

ಹತ್ತು ದಿನ ತುಂಬಿದ ಮೇಲೆ ಮೇಡಂ ಬಂದು ನೋಡಿ, "ಹುಚ್ಚಿಲ್ಲ. ಆರಾಮ ಅದ," ಅಂದರು. ನಾಯಿಗೆ ಸೂಜಿ ಹಾಕಿದರು. ಇದನ್ನು ವರ್ಷ ವರ್ಷ ಹಾಕಿಸಬೇಕು, ಹಗಲೆಲ್ಲ ಕಟ್ಟಿ ಹಾಕಬಾರದು, ಹೊರಗೆ ಒಯ್ಯುವಾಗ ಹಗ್ಗ ಬಿಡಬಾರದು, ಕಿವಿ ಕೇಳುವುದಿಲ್ಲ ಅಂತ ಮನೆಗೆ ಬರುವ ಎಲ್ಲರಿಗೂ ಹೇಳಬೇಕು ಅಂತ ತಾಕೀತು ಮಾಡಿದರು. ನರಸಪ್ಪ ಎಲ್ಲಕ್ಕೂ ಹೂಂ ಅಂದ. ಅದೂ ಮೆತ್ತಗೆ.

ಅಷ್ಟರಲ್ಲಿ ತೌಹೀದ, ಶೈಸ್ತಾ ಬಂದರು. ತೌಹೀದ ಇನ್ನೂ ಸ್ವಲ್ಪ ಕುಂಟುತ್ತಿದ್ದ, ಅವನ ಎರಡು ಸೂಜಿ ಬಾಕಿ ಇದ್ದವು. ಭೂರ್ಯಾ ಕಟ್ಟೆಯ ಮೇಲೆ ಆಚೆ ಮುಖ ಮಾಡಿ ಮಲಗಿತ್ತು, ಹಗ್ಗ ನರಸಪ್ಪನ ಕೈಯಲ್ಲಿತ್ತು.

"ತಡಿ, ಹಂಗೇ ಬರಬ್ಯಾಡ," ಅಂದ ನರಸಪ್ಪ. "ಹಿಮ್ಮಡ ಬಡಿದು ಬಾ."

ತೌಹೀದ ದೂರದಲ್ಲೇ ನಿಂತು, ಖಣಿಯಲ್ಲಿ ಬಡಿದಂತೆ, ಅಂಗಳದ ಹಾಸುಗಲ್ಲಿಗೆ ಎರಡು ಸಲ ಬಡಿದ. ನಾಯಿ ಕಣ್ಣು ತೆರೆದು ತಿರುಗಿ ನೋಡಿತು. ಗುರುತು ಹತ್ತಿತು, ಬಾಲ ಅಲುಗಿತು. ನರಸಪ್ಪ ಅಂಗೈ ಒತ್ತಿದ, ಅದು ಕೂತಿತು.

ಶೈಸ್ತಾ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. "ಮದುವಿ ಆಗಿ ಇಪ್ಪತ್ತು ವರ್ಷ ಆಯ್ತು, ಇವ್ರು ನನ್ನ ಮಾತು ಇಷ್ಟು ಕೇಳಿಲ್ಲ," ಅಂದಳು. ಹತ್ತು ದಿನದಲ್ಲಿ ಅವಳು ಮೊದಲ ಸಲ ನಕ್ಕದ್ದು ಅದೇ.

ಗುಂಡಮ್ಮ ಚಹಾ ತಂದು ಗಂಡನನ್ನು ಹಿಂದಿನಿಂದ ಎರಡು ಸಲ ಕರೆದಳು. ಅವನಿಗೆ ಕೇಳಲಿಲ್ಲ. ತಟ್ಟೆ ಒಂದು ಕೈಯಲ್ಲಿ ಹಿಡಿದು, ಸೀರೆ ಸ್ವಲ್ಪ ಎತ್ತಿ, ಹಿಮ್ಮಡದಿಂದ ಕಟ್ಟೆಯ ಕಲ್ಲಿಗೆ ಬಡಿದಳು.

ನರಸಪ್ಪನೂ ತಿರುಗಿದ, ಭೂರ್ಯಾನೂ ತಿರುಗಿತು.